ಗುಳ್ಳವ್ವನ ಹಿಮ್ಮಡಿ

ಆಮ್ರಪಾಲಿಯ ಕೆಲಸ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ನನಗೆ ಕನ್ನಡಕ ಬೇಕಿಲ್ಲ, ಹೊಟ್ಟೆ ಸಾಕು. ಸಾಧಾರಣ ಚಿತ್ರ ಕಂಡರೆ ನನ್ನ ಹೊಟ್ಟೆ ತಣ್ಣಗಿರುತ್ತದೆ. ಬರೆದವರ ಬೆನ್ನು ತಟ್ಟಿ, ಚಹಾ ಕುಡಿದು ಎದ್ದು ಬರುತ್ತೇನೆ. ಒಳ್ಳೆಯದು ಕಂಡರೆ ಉರಿಯುತ್ತದೆ. ಎಷ್ಟು ಒಳ್ಳೆಯದೋ ಅಷ್ಟು ಉರಿ. ಜನ ಇದಕ್ಕೆ ಮತ್ಸರ ಎನ್ನುತ್ತಾರೆ, ಅನ್ನಲಿ. ಸ್ಪರ್ಧೆಗಳಲ್ಲಿ ತೀರ್ಪುಗಾರರು ಸಾಲಾಗಿ ಕೂತು, ತಲೆ ತಲೆ ಸೇರಿಸಿ ಮಾತಾಡಿ, ಕೊನೆಗೆ ತಪ್ಪು ಚಿತ್ರಕ್ಕೆ ಬಹುಮಾನ ಕೊಟ್ಟದ್ದನ್ನು ಬೇಕಾದಷ್ಟು ನೋಡಿದ್ದೇನೆ. ನನ್ನ ಹೊಟ್ಟೆ ಒಮ್ಮೆಯೂ ತಪ್ಪಿಲ್ಲ.

ನನ್ನ ಹೆಸರು ರಾಜಾರಾಮ. ಡ್ರಾಯಿಂಗ್ ಮಾಸ್ತರನಾಗಿ ನಿವೃತ್ತನಾದವನು. ವಿಜಯಪುರದಲ್ಲಿ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಮನೆ. ಮೊದಲು ಬಬಲೇಶ್ವರ, ನಿಡೋಣಿ ಕಡೆ ಇದ್ದೆ, ಆಮೇಲೆ ನಗರಕ್ಕೆ ಬಂದೆ. ನನಗೆ ವರ್ಗವಾದಾಗಲೆಲ್ಲ ನನ್ನ ಜೊತೆ ಒಂದು ಕಾಲೂ ವರ್ಗವಾಗುತ್ತಿತ್ತು. ಪ್ಲಾಸ್ಟರಿನ ಕಾಲು, ಎಡಗಾಲು, ಹರಡಿನ ಗಂಟಿನ ಮೇಲೆ ಕತ್ತರಿಸಿದ್ದು. ನಾನು ಚಿತ್ರಕಲೆ ಓದುವಾಗ ನನ್ನ ಗುರುಗಳು ಕೊಟ್ಟಿದ್ದರು. ಒಂದೊಂದು ಬೆರಳೂ ಅಳತೆಗೆ ತಕ್ಕಂತೆ, ಹಿಮ್ಮಡಿ ಬೆಣ್ಣೆಯ ಮುದ್ದೆ. ಅದನ್ನು ಮೇಜಿನ ಮೇಲೆ ಇಟ್ಟರೆ ಹಳ್ಳಿಯ ಹುಡುಗರು, ಇದು ಯಾರ ಕಾಲು ಎಂದು ಕೇಳುತ್ತಿದ್ದರು. ಯಾರದಾದರೇನು, ಮೊದಲು ಬರಿ ಎನ್ನುತ್ತಿದ್ದೆ. ಜಿಲ್ಲೆಯಲ್ಲಿ ಎಷ್ಟು ಮಕ್ಕಳು ಆ ಕಾಲನ್ನು ಬರೆದು ಡ್ರಾಯಿಂಗ್ ಪರೀಕ್ಷೆ ಪಾಸಾಗಿದ್ದಾರೋ ಲೆಕ್ಕವಿಲ್ಲ. ಈಗ ಅದು ನಮ್ಮ ಮನೆಯ ಟಿವಿ ಪಕ್ಕ ಇದೆ. ಸೊಸೆ ಮಾಲಾ ಅದರ ಹೆಬ್ಬೆರಳಿಗೆ ಗಾಡಿಯ ಕೀಲಿ ತೂಗುಹಾಕುತ್ತಾಳೆ.

ಆಮ್ರಪಾಲಿಯೂ ಆ ಕಾಲು ಬರೆದವಳೇ. ನಮ್ಮ ಓಣಿಯ ಅಂಬಾದಾಸನ ಮಗಳು. ಎಂಟನೆಯ ತರಗತಿಗೆ ನನ್ನ ಕೈಗೆ ಬಂದಾಗ ಅವಳ ಗೆರೆ ನಡುಗುತ್ತಿರಲಿಲ್ಲ, ಅದೊಂದೇ ಅವಳ ಬಂಡವಾಳ. ನೆರಳು ಹಾಕುವುದು, ಅಳತೆ ಹಿಡಿಯುವುದು, ಪೆನ್ಸಿಲ್ಲನ್ನು ಕಣ್ಣಿನ ಮುಂದೆ ಹಿಡಿದು ದೂರ ಅಳೆಯುವುದು, ಎಲ್ಲ ನಾನು ಕಲಿಸಿದ್ದು. ಈಗ ಅವಳು ಟಿಕೋಟಾ ದಾಟಿ ಬಿಜ್ಜರಗಿ ಹಾದಿಯಲ್ಲಿರುವ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಅವಳ ಮಕ್ಕಳು ಮಾಡಿದ್ದು ಪೇಪರಿನಲ್ಲಿ ಬರುತ್ತದೆ, ಮೊಬೈಲಿನಲ್ಲಿ ಬರುತ್ತದೆ. ಹಿಂದಿನ ಬುದ್ಧ ಜಯಂತಿಗೆ ನಮ್ಮ ಓಣಿಯವರೇ ಅವಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ನಾನು ಎರಡನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಆ ಶಾಲಿನ ಬಣ್ಣ ಅವಳಿಗೆ ಒಪ್ಪುತ್ತಿರಲಿಲ್ಲ, ಅದಿರಲಿ. ಮೈಕು ಹಿಡಿದು ಅವ್ವನಿಗೆ, ಅಪ್ಪನಿಗೆ, ಮಕ್ಕಳಿಗೆ, ಕೆರೆಯ ಮಣ್ಣಿಗೆ ಕೂಡ ವಂದನೆ ಹೇಳಿದಳು. ನನ್ನ ಹೆಸರು ಹೇಳಲಿಲ್ಲ. ಮಣ್ಣಿಗೆ ಹೇಳಿದಳು, ನನಗೆ ಹೇಳಲಿಲ್ಲ.

ಅಂದಿನಿಂದ ಮಾಲಾಗೆ ನಾನೊಂದು ಆಟದ ಸಾಮಾನಾದೆ.

"ಆಮ್ರಪಾಲಿ ಟೀಚರದು ಹೊಸಾ ವಿಡಿಯೋ ಬಂದೈತ್ರಿ ಮಾವಾರ," ಎನ್ನುತ್ತಾಳೆ. "ಈಗ ನೋಡ್ತೀರೋ, ಇಲ್ಲಾ ಊಟ ಆದ ಮ್ಯಾಲೋ? ಆಮ್ಯಾಲೆ ರೊಟ್ಟಿ ಸೇರೂದಿಲ್ಲ ನಿಮಗ."

ಈಗಲೇ ತೋರಿಸು ಎನ್ನುತ್ತೇನೆ. ನೋಡದಿದ್ದರೆ ಇನ್ನೂ ಕಷ್ಟ.

ಟಿಕೋಟಾದಲ್ಲಿ ಒಂದು ಮದುವೆ. ಹೋಳಿಗೆ ಚೆನ್ನಾಗಿತ್ತು, ತುಪ್ಪದಲ್ಲಿ ಕೈ ಬಿಗಿ ಹಿಡಿದಿದ್ದರು. ಪಕ್ಕದ ಎಲೆಗೆ ಕೂತವನು ಶಿವಾಜಿ ಎಂಬ ಗಟ್ಟಿಮುಟ್ಟು ಮನುಷ್ಯ. ದ್ರಾಕ್ಷಿ ತೋಟದವನು, ಆಮ್ರಪಾಲಿಯ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷ. ನಾನು ಯಾರೆಂದು ತಿಳಿದ ಕೂಡಲೇ, ನಿಮ್ಮ ಶಿಷ್ಯೆ ನಮ್ಮಲ್ಲಿ ಭಾಳ ಹೆಸರು ಮಾಡಿದ್ದಾಳೆ ಎಂದ. ನಾನು ಹೋಳಿಗೆ ನುಂಗಿ, ಅದು ಚಿತ್ರಕಲೆ ಅಲ್ಲಪಾ, ಮಣ್ಣಾಟ ಎಂದೆ. ಅವನು ನಗಲಿಲ್ಲ. ಆ ಮಾತನ್ನು ಕಟ್ಟಿಕೊಂಡು ಹೋದ.

ಜೂನ್ ಕಳೆದು ಆಷಾಢ ಬಂದ ಮೇಲೆ ಶಿವಾಜಿ ನಮ್ಮ ಮನೆಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತು ವಿಷಯ ಹೇಳಿದ. ಈ ಸಲ ಹತ್ತನೆಯ ತರಗತಿಯ ರಿಸಲ್ಟ್ ಬಿದ್ದಿದೆ. ಗಣಿತಕ್ಕೂ ವಿಜ್ಞಾನಕ್ಕೂ ಹೆಚ್ಚಿನ ಪಿರಿಯಡ್ ಬೇಕು, ಡ್ರಾಯಿಂಗಿನ ಪಿರಿಯಡ್‌ಗಳನ್ನು ಅದಕ್ಕೆ ಕೊಡಬೇಕು. ಡ್ರಾಯಿಂಗ್ ಕೋಣೆ ದೊಡ್ಡದು, ಬೆಳಕಿನದು, ಅದನ್ನೂ ವಿಶೇಷ ತರಗತಿಗೆ ಬಿಡಬೇಕು. ಆಮ್ರಪಾಲಿ ಕೀಲಿ ಕೊಡುವುದಿಲ್ಲ ಎನ್ನುತ್ತಿದ್ದಾಳೆ. ಹೆಡ್‌ಮಾಸ್ತರ ಸತೀಶಕುಮಾರ ಈ ಕಡೆಯೂ ತಲೆ ಆಡಿಸುತ್ತಾನೆ, ಆ ಕಡೆಯೂ ಆಡಿಸುತ್ತಾನೆ. ಊರವರಲ್ಲಿ ಅರ್ಧ ಜನ ಟೀಚರ ಕಡೆ, ಅರ್ಧ ಜನ ಶಿವಾಜಿಯ ಕಡೆ.

"ನೀವು ದೊಡ್ಡವರು, ಅಕಿಗೆ ಕಲಿಸಿದವರು," ಎಂದ ಶಿವಾಜಿ. "ಮದುವ್ಯಾಗ ಏನ್ ಅಂದಿದ್ರಿ, ಅದನ್ನ ಮೀಟಿಂಗಿನ್ಯಾಗ ಬಂದು ಅನ್ರಿ. ನೀವ ಮಣ್ಣಾಟ ಅಂದ್ರ ಮುಗೀತ್ರಿ. ಮುಂದ ಯಾರೂ ಮಾತಾಡೂದಿಲ್ಲ."

ಮೀಟಿಂಗು ಬರುವ ಮಂಗಳವಾರ ಸಂಜೆ ನಾಲ್ಕಕ್ಕೆ. ಕಾರು ಕಳಿಸುತ್ತೇನೆ ಎಂದ. ಬರುತ್ತೇನೆ ಎಂದೆ. ಅವನು ಓಣಿಯ ತಿರುವು ದಾಟಿದ ಮೇಲೆ ಮಾಲಾ ಕೇಳಿದಳು.

"ಅಕಿ ಪಿರಿಯಡ್ ಹೋದ್ರ ನಿಮಗೇನ್ ಸಿಗತೈತ್ರಿ ಮಾವಾರ?"

"ನನಗೇನೂ ಸಿಗೂದ ಬ್ಯಾಡ," ಎಂದೆ. "ಅಕಿ ಹತ್ರ ಇರಬಾರದು, ಅಷ್ಟ."

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಾಲಾ ನನ್ನ ಬಿಳಿ ಅಂಗಿಗೆ ಇಸ್ತ್ರಿ ಮಾಡಿಕೊಟ್ಟಳು, ಕಾಲರಿನ ಹತ್ತಿರ ಬೇಕೆಂದೇ ಒಂದು ಸುಕ್ಕು ಉಳಿಸಿ.

ಮಂಗಳವಾರ ಕಾರು ಬಂತು. ಒಳಗೆ ಅತ್ತರಿನ ವಾಸನೆ. ಟಿಕೋಟಾದಲ್ಲಿ ನಿಲ್ಲಿಸಿ ಡ್ರೈವರ್ ನನಗೆ ಮಿರ್ಚಿ ಭಜಿ ತಿನ್ನಿಸಿದ, ಅಧ್ಯಕ್ಷರು ಹೇಳಿದ್ದಾರೆ ಎಂದ. ದ್ರಾಕ್ಷಿ ತೋಟಗಳ ನಡುವೆ ಹೋಗುತ್ತ ನಾನು ಮಾತು ಜೋಡಿಸುತ್ತಿದ್ದೆ. ಕಲೆ ಎಂದರೆ ಶಿಸ್ತು. ಶಿಸ್ತು ಎಂದರೆ ಅಳತೆ. ಅಳತೆಯಿಲ್ಲದ್ದು ಮಣ್ಣಾಟ. ಮೂರೇ ವಾಕ್ಯ, ಹೇಳಿ ಕೂತರೆ ಸಾಕು.

ಶಾಲೆ ಮುಟ್ಟಿದಾಗ ಮೀಟಿಂಗಿನ ಸುಳಿವೇ ಇಲ್ಲ. ಕುರ್ಚಿಗಳು ಇನ್ನೂ ಒಂದರ ಮೇಲೊಂದು ಏರಿ ಕೂತಿದ್ದವು. ಶಿವಾಜಿ ತೋಟದಲ್ಲಿ ಔಷಧ ಹೊಡೆಸುತ್ತಿದ್ದಾನೆ, ಬರುತ್ತಾನೆ ಎಂದರು. ಸತೀಶಕುಮಾರ ನನಗೆ ಚಹಾ ಕೊಟ್ಟು, ನಿಮ್ಮಂಥವರು ಬಂದದ್ದು ಶಾಲೆಯ ಭಾಗ್ಯ ಎಂದ. ಅದೇ ಉಸಿರಿನಲ್ಲಿ, ಆಮ್ರಪಾಲಿ ಟೀಚರ್ ಸಹ ಶಾಲೆಯ ಭಾಗ್ಯ ಎಂದ. ಆ ಮನುಷ್ಯನ ತಲೆಯಲ್ಲಿ ತಕ್ಕಡಿ ಇದೆ. ಬೇಸರ ಬಂದು ನಾನು ವರಾಂಡದಲ್ಲಿ ಅಡ್ಡಾಡುತ್ತ ಡ್ರಾಯಿಂಗ್ ಕೋಣೆಯ ಬಾಗಿಲಿಗೆ ಬಂದೆ.

ಆಗ ನೆನಪಾಯಿತು, ಅದು ಆಷಾಢದ ಮಂಗಳವಾರ. ಗುಳ್ಳವ್ವನ ದಿನ. ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ಮೇಲೆ ಮಂಗಳವಾರಕ್ಕೊಮ್ಮೆ ಹೆಣ್ಣುಮಕ್ಕಳು ಕೆರೆಯ ಮಣ್ಣು ತಂದು ಗುಳ್ಳವ್ವನನ್ನು ಮಾಡುತ್ತಾರೆ. ಗೇಣುದ್ದದ ಗೊಂಬೆ, ಕೂತ ಹೆಂಗಸು. ಕುಸುಬಿ ಕಾಳು, ಗುಲಗಂಜಿ ಚುಚ್ಚಿ ಅವಳಿಗೆ ಒಡವೆ ಹಾಕುತ್ತಾರೆ. ಹಾಡು ಹೇಳಿ, ಆರತಿ ಮಾಡಿ, ಹೊತ್ತು ಮುಳುಗುವುದರೊಳಗೆ ನೀರಿಗೆ ಬಿಡುತ್ತಾರೆ. ರಾತ್ರಿ ಇಟ್ಟುಕೊಳ್ಳುವಂತಿಲ್ಲ. ಇದು ಪೂರಾ ಹೆಣ್ಣುಮಕ್ಕಳ ಕೆಲಸ. ಮೀಟಿಂಗಿಗೆ ಮಂಗಳವಾರ ಗೊತ್ತು ಮಾಡಿದ ಕಮಿಟಿಯ ಗಂಡಸರಿಗೆ ಅದು ಯಾವ ಮಂಗಳವಾರ ಎಂಬುದೇ ಹೊಳೆದಿರಲಿಲ್ಲ.

ಕೋಣೆಯ ತುಂಬ ಹುಡುಗಿಯರು ನೆಲದ ಮೇಲೆ ಕೂತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ. ಇದು ನನಗೆ ಮೊದಲ ಪೆಟ್ಟು. ನನ್ನ ತರಗತಿಯಲ್ಲಿ ಸುಮ್ಮನಿರಿಸಲು ಡಸ್ಟರ್ ಬೇಕಾಗುತ್ತಿತ್ತು.

ಆಮ್ರಪಾಲಿ ಎದ್ದು ಬಂದು ನಮಸ್ಕಾರ ಮಾಡಿದಳು. ನಾನು ಯಾಕೆ ಬಂದಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು, ಮುಖದಲ್ಲಿ ತೋರಗೊಡಲಿಲ್ಲ.

"ಬರ್ರಿ ಸರ್. ನೋಡ್ರಿ," ಎಂದಳು. "ಆದ್ರ ಕೈ ಹಿಂದ ಕಟ್ಕೊಂಡು ನೋಡ್ರಿ. ಇಲ್ಲಿ ಎಲ್ಲಾರಿಗೂ ಅದ ಪದ್ಧತಿ. ನನಗೂ."

ಜೀವಮಾನವಿಡೀ ಮಕ್ಕಳಿಗೆ ಕೈ ಕಟ್ಟಿ ಕೂರಿ ಎಂದವನು ನಾನು. ನನ್ನ ಶಿಷ್ಯೆ ನನಗೆ ಕೈ ಕಟ್ಟು ಎನ್ನುತ್ತಿದ್ದಾಳೆ. ಕಟ್ಟಿದೆ.

ಅವಳು ಮಕ್ಕಳಿಗೆ ಗೊಂಬೆ ಮಾಡಿ ತೋರಿಸುವುದಿಲ್ಲವಂತೆ, ಚಿತ್ರವನ್ನೂ ತೋರಿಸುವುದಿಲ್ಲವಂತೆ. ನಿಮ್ಮ ಮನೆಯ ಒಬ್ಬ ಹೆಂಗಸು ಹೇಗೆ ಕೂರುತ್ತಾಳೋ ಗುಳ್ಳವ್ವ ಹಾಗೆ ಕೂರಬೇಕು, ಇಷ್ಟೇ ಹೇಳುತ್ತಾಳೆ. ಹಿಂದಿನ ಮಂಗಳವಾರದಿಂದ ಈ ಮಂಗಳವಾರದ ತನಕ ಮಕ್ಕಳು ಮನೆಯಲ್ಲಿ ಒಬ್ಬಳನ್ನೇ ನೋಡಿಕೊಂಡು ಬರಬೇಕು. ಪೂಜೆ, ಹಾಡು ಆಮ್ರಪಾಲಿಯ ಮನೆಯದಲ್ಲ. ಅವಳ ಗೋಡೆಯ ಮೇಲೂ ನನ್ನ ಗೋಡೆಯ ಮೇಲೂ ಇರುವುದು ಬುದ್ಧನ ಫೋಟೊ. ಆರತಿ ಹುಡುಗಿಯರು ಅವರಷ್ಟಕ್ಕೆ ಮಾಡಿಕೊಳ್ಳುತ್ತಾರೆ. ಮಣ್ಣು ಮೃದುವಾಗುವ ತನಕ ನಾದಿಸುವುದು, ಸುಮ್ಮನೆ ಹಿಂದೆ ನಿಲ್ಲುವುದು, ಇವೆರಡೇ ಅವಳ ಕೆಲಸ.

ನಾನು ಸಾಲಿನ ಗುಂಟ ನಡೆದೆ. ಒಬ್ಬ ಗುಳ್ಳವ್ವ ರೊಟ್ಟಿ ಬಡಿಯುವವಳ ಹಾಗೆ ಒಂದು ಕಾಲು ಚಾಚಿ ಕೂತಿದ್ದಳು. ಒಬ್ಬಳು ಕಿವಿ ಮತ್ತು ಭುಜದ ನಡುವೆ ಮೊಬೈಲು ಒತ್ತಿಕೊಂಡಿದ್ದಳು. ಒಬ್ಬಳು ಗೋಡೆಗೆ ಒರಗಲು ಹೋಗಿ ಗೋಡೆಯಿಲ್ಲದೆ ಹಿಂದಕ್ಕೆ ವಾಲಿದ್ದಳು, ಅವಳ ಬೆನ್ನಿಗೆ ಹುಡುಗಿ ಒಂದು ಸೀಮೆಸುಣ್ಣದ ತುಂಡು ಆಸರೆ ಕೊಟ್ಟಿದ್ದಳು. ಕುತ್ತಿಗೆಗಳೆಲ್ಲ ಗಿಡ್ಡ. ತೋಳುಗಳ ಅಳತೆ ಯಾರಿಗೂ ಗೊತ್ತಿಲ್ಲ. ನೋಡು ರಾಜಾರಾಮ, ತಪ್ಪುಗಳ ಸಂತೆ ಇದು, ಎಂದು ನನಗೆ ನಾನೇ ಹೇಳಿಕೊಂಡೆ. ಹೊಟ್ಟೆ ಮಾತ್ರ ಆಗಲೇ ಬಿಸಿಯಾಗುತ್ತಿತ್ತು. ಭಜಿಯದ್ದಿರಬೇಕು ಎಂದುಕೊಂಡೆ.

ಕೊನೆಯ ಸಾಲಿನಲ್ಲಿ ಲಕ್ಷ್ಮಿ ಎಂಬ ಹುಡುಗಿ. ಸಣಕಲು, ಒಂಬತ್ತನೆಯ ತರಗತಿ. ಅವಳ ಗುಳ್ಳವ್ವ ಮೊಣಕಾಲು ಎತ್ತಿ, ಅದರ ಮೇಲೆ ಗಲ್ಲ ಇಟ್ಟು, ಕೂತಲ್ಲೇ ನಿದ್ದೆ ಹೋಗಿದ್ದಳು. ಮುಖಕ್ಕೆ ಕಣ್ಣು ಮೂಗು ಎಂದು ಹೇಳುವಂಥದ್ದೇನೂ ಇಲ್ಲ, ಬರೀ ಎರಡು ತಗ್ಗು. ಆದರೂ ನಿದ್ದೆ ಎಂದು ಗೊತ್ತಾಗುತ್ತಿತ್ತು, ಅದೂ ಕೂಲಿಯಿಂದ ಬಂದು, ಅಡುಗೆಗೆ ಮುಂಚೆ ಒಂದು ಗಳಿಗೆ ಹತ್ತುವ ನಿದ್ದೆ. ಮೈಮೇಲೆ ಒಂದೂ ಒಡವೆಯಿಲ್ಲ. ಎಲ್ಲರೂ ಕೊರಳಿಗೆ, ಕಿವಿಗೆ ಚುಚ್ಚಿದ ಗುಲಗಂಜಿಯನ್ನು ಇವಳು ಹಿಮ್ಮಡಿಗೆ ಚುಚ್ಚಿದ್ದಳು. ಉಗುರಿನಿಂದ ಹಿಮ್ಮಡಿಯಲ್ಲಿ ಬಿರುಕು ಗೀರಿ, ಬಿರುಕಿನೊಳಗೆ ಒಂದೊಂದು ಕಾಳು. ಕೆಂಪು, ತುದಿಯಲ್ಲಿ ಕಪ್ಪು.

ಯಾರಿದು ಎಂದು ಕೇಳಿದೆ.

"ನಮ್ಮ ಆಯಿ ರೀ. ಹುಲಿಗೆವ್ವ," ಎಂದು ಅಜ್ಜಿಯ ಹೆಸರು ಹೇಳಿದಳು ಲಕ್ಷ್ಮಿ. ತಲೆ ಎತ್ತಲಿಲ್ಲ.

"ಅಲ್ಲವಾ, ಒಡವಿ ಕಾಲಿಗೆ ಯಾಕ?"

"ಅಲ್ಲೇ ನೋಯತೈತಂತ್ರಿ ಅಕಿಗೆ."

ಭಜಿಯದ್ದಲ್ಲ. ಉರಿ ಎದೆಯ ತನಕ ಬಂತು. ಊರೂರು ಹೊತ್ತು ತಿರುಗಿದ ನನ್ನ ಪ್ಲಾಸ್ಟರ್ ಕಾಲು ನೆನಪಾಯಿತು, ಅದರ ಬೆಣ್ಣೆಯ ಹಿಮ್ಮಡಿ. ಅದನ್ನು ಬರೆದ ಎಲ್ಲ ಹುಡುಗರ ಮನೆಯಲ್ಲೂ ಒಡೆದ ಹಿಮ್ಮಡಿಯ ಅವ್ವಂದಿರು, ಆಯಿಗಳು ಇದ್ದರು. ಒಬ್ಬನೂ ಒಂದು ಬಿರುಕು ಬರೆಯಲಿಲ್ಲ. ಬರೆದಿದ್ದರೆ ರಬ್ಬರ್ ತಗೊಂಡು ಅಳಿಸು ಎನ್ನುತ್ತಿದ್ದೆ. ನನ್ನ ಬೆನ್ನ ಹಿಂದೆ ಬಲಗೈ ಎಡಗೈಯಿಂದ ಬಿಡಿಸಿಕೊಳ್ಳಲು ನೋಡುತ್ತಿತ್ತು. ಆ ಗಿಡ್ಡ ಕುತ್ತಿಗೆಯನ್ನು ಒಂದು ಬೆರಳಿನಷ್ಟು ಎಳೆದು ಸರಿ ಮಾಡಬೇಕು, ಅಷ್ಟೇ. ಆಮ್ರಪಾಲಿ ಹತ್ತಿರವೇ ನಿಂತಿದ್ದಳು. ನಾನು ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು ಹೊರಗೆ ಬಂದೆ.

ನಾಲ್ಕು ಹೋಗಿ ಐದಾಯಿತು, ಶಿವಾಜಿ ಬರಲಿಲ್ಲ. ಹೊತ್ತು ಇಳಿಯತೊಡಗಿತು. ಊರ ಹೆಂಗಸರು ಆರತಿ ತಟ್ಟೆ ಹಿಡಿದು ಶಾಲೆಗೆ ಬಂದರು, ಮುಂದೆ ಶಿವಾಜಿಯ ತಾಯಿ ಸಕ್ರವ್ವ. ಹುಡುಗಿಯರು ತಮ್ಮ ತಮ್ಮ ಗುಳ್ಳವ್ವನನ್ನು ಹಲಗೆಯ ಮೇಲೆ ಇಟ್ಟುಕೊಂಡು ಸಾಲಾಗಿ ಹೊರಟರು. ಸತೀಶಕುಮಾರ ಓಡಿಬಂದು, ಇವತ್ತೊಂದು ದಿನ ಇಡಿ, ಕಮಿಟಿಯವರು ನೋಡಬೇಕು ಎಂದ. ಸಕ್ರವ್ವ ಅವನನ್ನು ನೋಡಿದ ರೀತಿಗೆ ಅವನೇ ದಾರಿ ಬಿಟ್ಟು, ಸರಿ ಸರಿ, ಮುಳುಗಿಸಿ ಬನ್ನಿ ಎಂದ.

ಕೆರೆ ಶಾಲೆಯ ಹಿಂದೆಯೇ. ನಾನು ಕಾಂಪೌಂಡ್ ಗೋಡೆಯ ಬಳಿ ನಿಂತು ನೋಡಿದೆ. ಲಕ್ಷ್ಮಿ ಮೊಣಕಾಲ ತನಕ ನೀರಿಗೆ ಇಳಿದಳು, ತನ್ನ ಆಯಿಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಳಿಸಿದಳು, ಕೈ ತೊಳೆದುಕೊಂಡು ಬಂದಳು. ತಿರುಗಿ ಕೂಡ ನೋಡಲಿಲ್ಲ. ನಾನು ಅಂಥದ್ದೊಂದನ್ನು ಮಾಡಿದ್ದರೆ ಗಾಜಿನ ಪೆಟ್ಟಿಗೆ ಮಾಡಿಸಿ, ಗಾಂಧಿ ಚೌಕದಲ್ಲಿ ಇಟ್ಟು, ಕೆಳಗೆ ಹೆಸರು ಬರೆಸುತ್ತಿದ್ದೆ. ಆ ಕೆರೆಯ ನೀರಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಮೀಟಿಂಗು ಶುರುವಾದಾಗ ಡ್ರಾಯಿಂಗ್ ಕೋಣೆಯಲ್ಲಿ ಟ್ಯೂಬ್‌ಲೈಟ್ ಹಚ್ಚಿದ್ದರು. ಗಂಡಸರು ಕುರ್ಚಿಯ ಮೇಲೆ, ಕೆರೆಯಿಂದ ಬಂದ ಹೆಂಗಸರು ಬಾಗಿಲ ಬಳಿ ನೆಲದ ಮೇಲೆ. ಮೂಲೆಯಲ್ಲಿ ಒಂದು ಬುಟ್ಟಿಯಲ್ಲಿ ಉಳಿದ ಮಣ್ಣು. ಅಷ್ಟು ಬಿಟ್ಟರೆ ಕೋಣೆ ಖಾಲಿ.

ಶಿವಾಜಿ ರಿಸಲ್ಟಿನಿಂದ ಆರಂಭಿಸಿದ. ಅವನು ಕೆಟ್ಟವನಲ್ಲ, ಮಕ್ಕಳು ಫೇಲಾಗಿ ಮನೆಯಲ್ಲಿ ಕೂತದ್ದು ಅವನ ಮನಸ್ಸಿಗೆ ನಿಜವಾಗಿ ಹತ್ತಿತ್ತು. ಪಿರಿಯಡ್ ತೆಗೆದರೆ ಏನು ನಷ್ಟ ಎಂದು ಕೇಳಿದ. ಆಮ್ರಪಾಲಿ ಎದ್ದು ನಿಂತು, ಇಲ್ಲಿ ಮಕ್ಕಳು ನೋಡುವುದನ್ನು ಕಲಿಯುತ್ತಾರೆ ಎಂದಳು. ನೋಡುವುದನ್ನು ಶಾಲೆಯಲ್ಲಿ ಕಲಿಯಬೇಕೇ, ಹುಟ್ಟಿದಾಗಲೇ ಕಣ್ಣು ಬಂದಿರುತ್ತವಲ್ಲ ಎಂದು ಒಬ್ಬ ಸದಸ್ಯ ನಗಾಡಿದ. ಹಾಗಾದರೆ ಇಂದು ಏನು ಮಾಡಿಸಿದಿರಿ, ತೋರಿಸಿ ಎಂದ ಮತ್ತೊಬ್ಬ. ನೀರಿಗೆ ಹೋದವು ಎಂದಳು. ಮೊಬೈಲಿನಲ್ಲಿ ಫೋಟೊ ತೋರಿಸಿ ಎಂದರು. ಗುಳ್ಳವ್ವನ ಫೋಟೊ ಹಿಡಿಯಬಾರದು ಎಂದು ಹುಡುಗಿಯರು ಹೇಳುತ್ತಾರೆ, ಅದಕ್ಕೆ ಹಿಡಿದಿಲ್ಲ ಎಂದಳು.

ಶಿವಾಜಿ ಎರಡೂ ಕೈ ಚೆಲ್ಲಿದ. "ತೋರಸಾಕ ಏನೂ ಇಲ್ಲ. ಇದ್ದದ್ದು ಏನು? ಮಣ್ಣಿನ ಹೆಂಟಿ. ನೀರಿಗೆ ಹಾಕಿದ್ರ ಕರಗಿ ಹೋತು." ನನ್ನ ಕಡೆ ತಿರುಗಿದ. "ಮಾಸ್ತರ್ರು ಒಬ್ಬರ ಒಳಗ ಹೋಗಿ ನೋಡ್ಯಾರ. ಅವರ ಹೇಳ್ಲಿ."

ಎಲ್ಲರೂ ನನ್ನನ್ನು ನೋಡಿದರು. ಆಮ್ರಪಾಲಿಯೂ ನೋಡಿದಳು. ಆ ಕೋಣೆಯ ಗಂಡಸರಲ್ಲಿ ನೋಡಿದವನು ನಾನೊಬ್ಬನೇ. ನೋಡಿದ್ದು ಕೆರೆಯ ತಳದಲ್ಲಿತ್ತು. ಮಣ್ಣಾಟ ಎಂದು ನಾನು ಒಂದೇ ಮಾತು ಹೇಳಿದ್ದರೆ ಅಲ್ಲ ಎನ್ನಲು ಒಂದು ಪುರಾವೆಯೂ ಇರಲಿಲ್ಲ. ಅವಳ ಪಿರಿಯಡ್ ಹೋಗುತ್ತಿತ್ತು, ಕೋಣೆ ಹೋಗುತ್ತಿತ್ತು, ವಿಡಿಯೋ ನಿಲ್ಲುತ್ತಿತ್ತು, ನಾನು ನೆಮ್ಮದಿಯಿಂದ ರೊಟ್ಟಿ ತಿನ್ನುತ್ತಿದ್ದೆ. ಎದ್ದೆ. ಮೂರು ವಾಕ್ಯ ನಾಲಗೆಯ ಮೇಲೆಯೇ ಇದ್ದವು.

ಆದರೆ ಶಿವಾಜಿ ಹೆಂಟೆ ಎಂದದ್ದು ನನಗೆ ತಡೆಯಲಾಗಲಿಲ್ಲ. ಮಧ್ಯಾಹ್ನದಿಂದ ನಾನು ಉರಿಯುತ್ತಿದ್ದೆ. ನಾನು, ರಾಜಾರಾಮ, ಸಾಧಾರಣದ್ದಕ್ಕೆ ಯಾವತ್ತೂ ಉರಿಯದವನು. ಅದು ಹೆಂಟೆಯಾದರೆ ನಾನು ಉರಿದದ್ದು ಹೆಂಟೆಗೆ ಎಂದಾಯಿತು. ನನ್ನ ಹೊಟ್ಟೆಗೆ ಆ ಅವಮಾನ ಮಾಡಲು ನನಗೆ ಮನಸ್ಸಾಗಲಿಲ್ಲ.

"ಹೆಂಟಿ ಅಲ್ಲಪಾ," ಎಂದೆ. "ತಡಿ, ತೋರಸ್ತೇನಿ."

ಬುಟ್ಟಿಯಿಂದ ಒಂದು ಮುದ್ದೆ ತೆಗೆದುಕೊಂಡು ಮೇಜಿನ ಮೇಲೆ ಇಟ್ಟೆ. ಇಸ್ತ್ರಿ ಅಂಗಿಯ ತೋಳು ಮಡಚಿದೆ. ಲಕ್ಷ್ಮಿಯ ಆಯಿಯ ಕಾಲನ್ನು ಅವರಿಗೆ ಮಾಡಿ ತೋರಿಸುವುದೆಂದು ಹೊರಟೆ. ಕೈಗಳು ತಾವಾಗಿಯೇ ಓಡಿದವು. ಹರಡು ಬಂತು, ಹೆಬ್ಬೆರಳು ಬಂತು, ಬೆರಳುಗಳು ಒಂದರ ಹಿಂದೆ ಒಂದು ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಜನ ಕುರ್ಚಿ ಬಿಟ್ಟು ಸುತ್ತ ನೆರೆದರು. ನಾನು ಉಗುರಿನಿಂದ ಹಿಮ್ಮಡಿ ಗೀರಿದೆ. ಗೀರಿದ್ದು ಗೀರಿನ ಹಾಗೆಯೇ ಕಂಡಿತು, ಬಿರುಕಾಗಲಿಲ್ಲ. ಹೆಬ್ಬೆರಳಿನಿಂದ ಸವರಿ ಮತ್ತೆ ಗೀರಿದೆ. ಸವರಿದಷ್ಟೂ ನುಣುಪಾಯಿತು. ಕೊನೆಗೆ ಮೇಜಿನ ಮೇಲೆ ನಿಂತದ್ದು ನಮ್ಮ ಟಿವಿ ಪಕ್ಕದ ಪ್ಲಾಸ್ಟರ್ ಕಾಲು, ಅದೇ, ಅಚ್ಚು ಇಟ್ಟ ಹಾಗೆ.

ಜನ ಚಪ್ಪಾಳೆ ತಟ್ಟಿದರು. ಸತೀಶಕುಮಾರ ಎಲ್ಲರಿಗಿಂತ ಜೋರಾಗಿ ತಟ್ಟಿದ. ಶಿವಾಜಿಯ ಕಣ್ಣು ಅರಳಿತ್ತು. ಇದು ನೋಡಿ ಕಲೆ ಎಂದರೆ ಎಂದ.

ನನ್ನ ಬದುಕಿನಲ್ಲಿ ನಾನು ಅಷ್ಟು ಚಪ್ಪಾಳೆಗೆ ಆಸೆಪಟ್ಟದ್ದುಂಟು. ಅದು ಈ ಕಾಲಿಗೆ ಬಂತು. ಹೊಟ್ಟೆ ತಣ್ಣಗಿತ್ತು.

"ಚಪ್ಪಾಳಿ ಸಾಕು," ಎಂದೆ. "ಇದು ಯಾರ ಕಾಲು ಹೇಳ್ರಿ ನೋಡೂಣು?"

ಹಿಂದೆ ಹಳ್ಳಿಯ ಹುಡುಗರು ನನ್ನನ್ನು ಕೇಳುತ್ತಿದ್ದ ಪ್ರಶ್ನೆಯನ್ನು ಈಗ ನಾನೇ ಕೇಳಿದ್ದೆ.

"ಯಾರದೂ ಅಲ್ಲ. ಯಾರ ಮನ್ಯಾಗೂ ಇಂಥಾ ಕಾಲಿಲ್ಲ. ಲಕ್ಷ್ಮಿ ಮಾಡಿದ್ದನ್ನ ನೋಡಿದ್ರ ನೀವು ಚಪ್ಪಾಳಿ ತಟ್ಟತಿದ್ದಿಲ್ಲ. ಅಕಿ ತನ್ನ ಆಯಿದು ಒಡದ ಹಿಮ್ಮಡಿ ಮಾಡಿದ್ಲು. ಬಿರುಕಿನ್ಯಾಗ ಒಂದೊಂದು ಗುಲಗಂಜಿ ಇಟ್ಟಿದ್ಲು, ಅಲ್ಲೇ ನೋಯತೈತಿ ಅಂತ. ನಾನು ಅದನ್ನ ಮಾಡಾಕ ಹೋದೆ, ನನ್ನ ಕೈಲೆ ಬರಲಿಲ್ಲ. ಅಕಿಗೆ ಬಂತು. ಇವತ್ತ ಮಧ್ಯಾಹ್ನದಿಂದ ನನಗ ಹೊಟ್ಟಿಕಿಚ್ಚು ತಡಕೊಳ್ಳಾಕ ಆಗವಲ್ದು. ಇನ್ನ ನಿಮ್ಮ ಪಿರಿಯಡ್ ನೀವ ನೋಡ್ಕೋರಿ."

ಬಾಗಿಲ ಬಳಿ ಸಕ್ರವ್ವ ಕಾಲು ಮುಂದೆ ಚಾಚಿ ಕೂತಿದ್ದಳು, ಕೆರೆಯ ಕೆಸರು ಇನ್ನೂ ಆರಿರಲಿಲ್ಲ. ಅವಳು ಮೆಲ್ಲಗೆ ಕಾಲನ್ನು ಒಳಗೆ ಎಳೆದುಕೊಂಡು ಸೀರೆಯ ಅಂಚು ಮುಚ್ಚಿದಳು. ಪಕ್ಕದವಳೂ ಮುಚ್ಚಿದಳು. ಆಮೇಲೆ ಬಾಗಿಲ ಗುಂಟ ಒಬ್ಬೊಬ್ಬರೇ.

ಶಿವಾಜಿ ಅದನ್ನು ನೋಡಿದ. ತಾಯಿಯ ಸೀರೆಯ ಅಂಚಿನ ಕಡೆಗೆ ಬಾಗಿದ. ಆ ಕಾಲು ಅವನು ಹುಟ್ಟಿದಾಗಿನಿಂದ ಮನೆಯಲ್ಲೇ ಓಡಾಡಿಕೊಂಡಿದ್ದ ಕಾಲು.

"ತಗಿ ಬೇ," ಎಂದ ಸಣ್ಣಗೆ. "ಯಾಕ ಮುಚ್ಚಕೋತಿ."

"ಏ ಹೋಗಲೇ, ಮೀಟಿಂಗ್ ಮಾಡ ನಿಂದು," ಎಂದಳು ಸಕ್ರವ್ವ.

ಮೀಟಿಂಗು ಮುಂದುವರಿಯಿತು. ಕಥೆಯಲ್ಲಾದರೆ ಎಲ್ಲ ಒಮ್ಮೆಲೇ ಸರಿಹೋಗುತ್ತದೆ, ಇಲ್ಲಿ ಜಗಳ ಇನ್ನೂ ಒಂದು ಗಂಟೆ ನಡೆಯಿತು. ಒಂದು ಪಿರಿಯಡ್ ಗಣಿತಕ್ಕೆ ಹೋಯಿತು. ಉಳಿದವು ಆಮ್ರಪಾಲಿಗೆ, ಮಂಗಳವಾರದ್ದೂ ಸೇರಿ. ಕೋಣೆಯೂ ಅವಳದೇ. ವಿಶೇಷ ತರಗತಿ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ವರಾಂಡದಲ್ಲಿ ಎಂದಾಯಿತು. ಸತೀಶಕುಮಾರ, ತನ್ನ ಮನಸ್ಸಿನಲ್ಲೂ ಇದೇ ಇತ್ತು ಎಂದ.

ಕಾರಿನ ತನಕ ಆಮ್ರಪಾಲಿ ಬಂದಳು. ವಂದನೆ ಹೇಳಲು ಬಾಯಿ ತೆರೆಯುತ್ತಿದ್ದಂತೆ ನಾನು ಬೇಡ ಎಂದು ಕೈ ಎತ್ತಿದೆ. ನಾನು ಅವಳಿಗಾಗಿ ಮಾತಾಡಿರಲಿಲ್ಲ, ನನ್ನ ಹೊಟ್ಟೆಯ ಮಾನಕ್ಕಾಗಿ ಮಾತಾಡಿದ್ದೆ. ಇನ್ನು ಕೇಳದಿದ್ದರೆ ಜೀವ ಹೋಗುತ್ತದೆ ಎನ್ನಿಸಿ ಕೇಳಿಯೇಬಿಟ್ಟೆ.

"ಅವತ್ತ ಶಾಲು ಹೊದಸಿದಾಗ ಮಣ್ಣಿಗೂ ವಂದನಾ ಅಂದಿ. ನನ್ನ ಹೆಸರ ಯಾಕ ತಗೀಲಿಲ್ಲ?"

ಅವಳು ತಡವರಿಸಲಿಲ್ಲ. ಬಹಳ ದಿನದಿಂದ ಉತ್ತರ ಇಟ್ಟುಕೊಂಡಿದ್ದಳು.

"ತಗದಿದ್ರ ನೀವು ಮರುದಿನಾನ ಸಾಲಿಗೆ ಬರತಿದ್ರಿ ಸರ್. ಬಂದು ನನ್ನ ಹುಡುಗ್ಯಾರ ಗೊಂಬಿ ಕುತ್ತಿಗಿ ತಿದ್ದತಿದ್ರಿ."

"ಅವು ಗಿಡ್ಡ ಅದಾವ," ಎಂದೆ.

"ಅದಾವ್ರಿ," ಎಂದಳು. "ಇರ್ಲಿ."

ಮನೆಗೆ ಬಂದಾಗ ಮಾಲಾ ಅಂಗಿಯ ತೋಳಿನ ಮಣ್ಣು ನೋಡಿ, ರೊಟ್ಟಿ ಹಾಕಿದಳು. ನಾನು ತಿಂದೆ. ಟಿವಿಯ ಪಕ್ಕದ ಕಾಲು ತನ್ನ ನುಣುಪು ಹಿಮ್ಮಡಿಯೊಂದಿಗೆ ಅಲ್ಲೇ ನಿಂತಿತ್ತು. ಕೀಲಿ ತೂಗುಹಾಕಲು ಅಷ್ಟು ಒಳ್ಳೆಯ ಕಾಲು ಇನ್ನೊಂದು ಸಿಗಲಾರದು.

ಮುಂದಿನ ಮಂಗಳವಾರ ಕಾರು ಕಳಿಸುವವರು ಯಾರೂ ಇರಲಿಲ್ಲ. ಬಸ್ಸು ಹತ್ತಿ ಟಿಕೋಟಾಕ್ಕೆ ಹೋದೆ, ಅಲ್ಲಿಂದ ಒಂದು ಟಂಟಂ ಆಟೊ. ಆಮ್ರಪಾಲಿ ಈ ವಾರವಾದರೂ ಕೆಟ್ಟದಾಗಿ ಕಲಿಸುತ್ತಾಳೆಯೇ ನೋಡೋಣ ಎಂದು ಹೋದದ್ದು. ಅವಳು ಬುಟ್ಟಿಯಿಂದ ಒಂದು ಮುದ್ದೆ ಮಣ್ಣು ತೆಗೆದು ನನ್ನ ಮುಂದೆ ಇಟ್ಟಳು. ಹುಡುಗಿಯರು ಸರಿದು ಜಾಗ ಕೊಟ್ಟರು. ಪಕ್ಕದಲ್ಲಿ ಲಕ್ಷ್ಮಿ.

ವಾರವಿಡೀ ನಾನು ಮಾಲಾಳನ್ನು ನೋಡಿದ್ದೆ. ಅವಳು ಮೊಬೈಲು ನೋಡುವಾಗ ಒಂದು ಪಾದದಿಂದ ಇನ್ನೊಂದು ಪಾದವನ್ನು ತುರಿಸಿಕೊಳ್ಳುತ್ತಾಳೆ. ಇಷ್ಟು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ, ನನಗೆ ಗೊತ್ತಿರಲಿಲ್ಲ. ಅದನ್ನು ಮಾಡತೊಡಗಿದೆ. ಬೆರಳುಗಳು ತಮ್ಮ ಹಳೆಯ ಅಳತೆಗೆ ಓಡಿದಾಗಲೆಲ್ಲ ಅಳಿಸಿದೆ. ಸೊಂಟ ಹಿಡಿಯಿತು. ಹೊತ್ತು ಇಳಿಯುವಷ್ಟರಲ್ಲಿ ಒಬ್ಬ ಹೆಂಗಸು ಕೂತಿದ್ದಳು, ಕುತ್ತಿಗೆ ಗಿಡ್ಡದ್ದೇ ಆಗಿತ್ತು. ಒಂದು ಪಾದ ಇನ್ನೊಂದರ ಮೇಲೆ ಬಂದ ಜಾಗದಲ್ಲಿ, ಆ ಜಾಗದಲ್ಲಿ ಮಾತ್ರ, ಏನೋ ಇತ್ತು.

ಆಮ್ರಪಾಲಿ ಕೈ ಹಿಂದೆ ಕಟ್ಟಿಕೊಂಡು ಸಾಲಿನ ಗುಂಟ ಬಂದಳು. ನನ್ನ ಹಿಂದೆ ನಿಂತಳು. ಸ್ವಲ್ಪ ಹೊತ್ತು ನೋಡಿ ಮುಂದೆ ಹೋದಳು.

ಲಕ್ಷ್ಮಿಯ ಹಿಂದೆ ನಿಂತಳು. ಅಲ್ಲಿ ಹೆಚ್ಚು ಹೊತ್ತು ನಿಂತಳು.